ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

2002ರ ಜುಲೈ 20ರಂದು ಹೈದರಾಬಾದಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಒಬ್ಬ ಮಹಿಳೆ ದಾಖಲಾದರು. ಬಿಟ್ಟು ಬಿಟ್ಟು ಬರುವ ಜ್ವರ, ಜೊತೆಗೆ ಚಳಿ. ಅವರನ್ನು ಕರೆತಂದ ಗಂಡನಿಗೆ ಈ ಎರಡು ಲಕ್ಷಣಗಳು ಹೊಸವಲ್ಲ. ಅವರು ಮಲೇರಿಯಾ ಇಲಾಖೆಯ ಅಧಿಕಾರಿ. ಕೆಲವೇ ದಿನಗಳಲ್ಲಿ ಆಕೆ ತೀರಿಕೊಂಡರು. ಸಾವಿನ ಕಾರಣವೆಂದು ಕಾಗದದ ಮೇಲೆ ಬಂದದ್ದು ಹೃದಯ ಮತ್ತು ಉಸಿರಾಟದ ಸ್ತಂಭನ, ಮತ್ತು ಮಲೇರಿಯಾ.

ಆ ಸಾವಿನ ಬಗ್ಗೆ ಗಂಡ ಹೂಡಿದ ದೂರು ನಾಲ್ಕು ಮೆಟ್ಟಿಲು ಹತ್ತಿತು. 2010ರ ಮಾರ್ಚ್ 8ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕಾನೂನಿನ ಪುಸ್ತಕಗಳಲ್ಲಿ ಅದು 'ವಿ. ಕಿಶನ್ ರಾವ್ ವಿರುದ್ಧ ನಿಖಿಲ್ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ' ಎಂಬ ಹೆಸರಿನಲ್ಲಿದೆ. ಪ್ರಕರಣದಲ್ಲಿದ್ದ ಹಣ ದೊಡ್ಡದಲ್ಲ, ಎರಡು ಲಕ್ಷ ರೂಪಾಯಿ. ಅದು ಎತ್ತಿದ ಪ್ರಶ್ನೆ ಮಾತ್ರ ಆಸ್ಪತ್ರೆಯ ಬಾಗಿಲು ದಾಟುವ ಎಲ್ಲರಿಗೂ, ಒಳಗೆ ಕೆಲಸ ಮಾಡುವ ಎಲ್ಲರಿಗೂ ಸಂಬಂಧಿಸಿದ್ದು: ವೈದ್ಯರಿಂದ ತಪ್ಪಾಗಿದೆ ಎಂದು ರೋಗಿಯ ಕಡೆಯವರು ಹೇಳಬೇಕಾದರೆ, ಅದನ್ನು ಇನ್ನೊಬ್ಬ ವೈದ್ಯರ ಬಾಯಿಂದಲೇ ಹೇಳಿಸಬೇಕೆ?

ಆಣೆಗೊಂದು ಸೊಳ್ಳೆ

ಈ ಪ್ರಶ್ನೆ ಎದ್ದ ಊರಿಗೂ ಮಲೇರಿಯಾಕ್ಕೂ ಹಳೆಯ ನಂಟು. ಸಿಕಂದರಾಬಾದ್ ರೈಲು ನಿಲ್ದಾಣದಿಂದ ಈಶಾನ್ಯಕ್ಕೆ ಹೊರಟರೆ ಮಲ್ಕಾಜ್‌ಗಿರಿ, ಪಶ್ಚಿಮಕ್ಕೆ ಹೊರಟರೆ ಬೇಗಂಪೇಟೆ. ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದ ಬಳಿ ಇಂದಿಗೂ ನಿಂತಿರುವ ಒಂದು ಕಟ್ಟಡದಲ್ಲಿ, 1897ರ ಆಗಸ್ಟ್ 20ರಂದು, ಸೇನಾ ವೈದ್ಯ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡ. ಜಗತ್ತು ಇಂದಿಗೂ ಆ ದಿನವನ್ನು ಸೊಳ್ಳೆ ದಿನವೆಂದು ನೆನೆಯುತ್ತದೆ. 1902ರಲ್ಲಿ ರಾಸ್‌ಗೆ ನೊಬೆಲ್ ಬಹುಮಾನ ಬಂತು.

ರಾಸ್‌ನ ಸೊಳ್ಳೆಯ ಕಥೆ ಶುರುವಾಗುವುದು ಬೆಂಗಳೂರಿನಲ್ಲಿ. 1883ರಲ್ಲಿ ಅಲ್ಲಿನ ದಂಡಿನ ವೈದ್ಯನಾಗಿದ್ದಾಗ, ನಿಂತ ನೀರನ್ನು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂಬುದನ್ನು ಅವನು ಗಮನಿಸಿದ್ದ. ಆದರೆ ಸೊಳ್ಳೆಗೂ ಜ್ವರಕ್ಕೂ ಇರುವ ಗಂಟು ಬಿಚ್ಚಿದ್ದು ಸಿಕಂದರಾಬಾದಿನಲ್ಲಿ. ಅದನ್ನು ಬಿಚ್ಚಲು ಅವನಿಗೆ ಜ್ವರ ಬಂದ ಮೈ ಬೇಕಿತ್ತು. ಹುಸೇನ್ ಖಾನ್ ಎಂಬ ರೋಗಿ ಸೊಳ್ಳೆ ಪರದೆಯೊಳಗೆ ಮಲಗಿ, ತಾನೇ ಸಾಕಿದ ಸೊಳ್ಳೆಗಳಿಂದ ರಾಸ್ ಅವನನ್ನು ಕಚ್ಚಿಸಿದ. ರಕ್ತ ಹೀರಿದ ಒಂದು ಸೊಳ್ಳೆಗೆ ಒಂದು ಆಣೆ ಕೂಲಿ. ಅದಕ್ಕೂ ಎರಡು ವರ್ಷ ಹಿಂದೆ, ಮಲೇರಿಯಾ ನೀರಿನಿಂದ ಹರಡುತ್ತದೆ ಎಂಬ ಊಹೆ ಬಲವಾಗಿದ್ದಾಗ, ಲಚ್ಮನ್ ಎಂಬ ಯುವಕನಿಗೆ ಸತ್ತ ಸೊಳ್ಳೆಗಳಿದ್ದ ನೀರನ್ನು ಕುಡಿಸಿ ನೋಡಿದ್ದೂ ಉಂಟು.

ರಾಸ್‌ನನ್ನು ಇಂದಿನ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಆ ಕಾಲದಲ್ಲಿ ಪ್ರಯೋಗಕ್ಕೆ ಒಪ್ಪಿಗೆ ಎಂದರೇನು ಎಂದು ಹೇಳುವ ನಿಯಮವೇ ಇರಲಿಲ್ಲ. ಮೂರು ವರ್ಷಗಳ ಬಳಿಕ, 1900ರಲ್ಲಿ, ಕ್ಯೂಬಾದಲ್ಲಿ ಹಳದಿ ಜ್ವರದ ಪ್ರಯೋಗ ನಡೆಸಿದ ಅಮೆರಿಕದ ಸೇನಾ ವೈದ್ಯ ವಾಲ್ಟರ್ ರೀಡ್ ಒಂದು ಹೆಜ್ಜೆ ಮುಂದೆ ಹೋದ. ಸ್ಪೇನಿನಿಂದ ಬಂದ ಕೂಲಿಗಳಿಗೆ ಅವರದೇ ಭಾಷೆಯಲ್ಲಿ ಕರಾರುಪತ್ರ ಬರೆಸಿ, ಜೀವಕ್ಕೆ ಅಪಾಯವಿದೆ ಎಂದು ತಿಳಿಸಿ, 100 ಡಾಲರ್ ಚಿನ್ನ ಕೊಡಿಸಿದ. ಜ್ವರ ಬಂದರೆ ಇನ್ನೂ 100. ಬಡವನ ಮುಂದೆ ಚಿನ್ನವಿಟ್ಟು ಪಡೆದ ಒಪ್ಪಿಗೆ ಎಷ್ಟರಮಟ್ಟಿಗೆ ಸ್ವತಂತ್ರ ಎಂಬುದು ಬೇರೆ ಮಾತು. ಆದರೆ ರೋಗಿಗೆ ಹೇಳಬೇಕು, ಹೇಳಿದ್ದು ಕಾಗದದಲ್ಲಿರಬೇಕು ಎಂಬ ಯೋಚನೆ ಅಲ್ಲಿತ್ತು. ಅದು ಜಗತ್ತಿನ ನಿಯಮವಾಗಲು ನಾಜಿ ವೈದ್ಯರ ಕ್ರೌರ್ಯ ಹೊರಬರಬೇಕಾಯಿತು. 1947ರ ನ್ಯೂರೆಂಬರ್ಗ್ ಸಂಹಿತೆಯ ಮೊದಲ ಅಂಶವೇ ಮನುಷ್ಯನ ಸ್ವಂತ ಇಚ್ಛೆಯ ಒಪ್ಪಿಗೆ.

ಎರಡು ಪರೀಕ್ಷೆಗಳು

ಜ್ವರ ಮಲೇರಿಯಾವೋ ಟೈಫಾಯ್ಡೋ ಎಂಬ ಗೊಂದಲ ವೈದ್ಯರಿಗೆ ಹಳೆಯದು. ಎರಡನ್ನೂ ಬೇರ್ಪಡಿಸಲು ನೆರವಾದ ಪರೀಕ್ಷೆಗಳು ಹೆಚ್ಚುಕಡಿಮೆ ಒಂದೇ ಕಾಲದವು. 1880ರಲ್ಲಿ ಆಲ್ಜೀರಿಯಾದಲ್ಲಿ ಫ್ರೆಂಚ್ ವೈದ್ಯ ಲಾವೆರಾನ್ ಜ್ವರದ ರೋಗಿಯ ರಕ್ತದಲ್ಲಿ ಮಲೇರಿಯಾದ ಜೀವಿಯನ್ನು ಕಂಡ. ಅಲ್ಲಿಂದ ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತ ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಮಿಯರ್ ಪರೀಕ್ಷೆ ಬಂತು. 1896ರಲ್ಲಿ ಟೈಫಾಯ್ಡಿಗೆ ವಿಡಾಲ್ ಪರೀಕ್ಷೆ ಬಂತು.

2002ರ ಆ ಜುಲೈನಲ್ಲಿ ಎರಡೂ ಪರೀಕ್ಷೆಗಳಿಗೆ ನೂರು ದಾಟಿತ್ತು. ಮೊದಲ ಆಸ್ಪತ್ರೆಯಲ್ಲಿ ಮಾಡಿದ ಪರೀಕ್ಷೆಗಳು ಮಲೇರಿಯಾವನ್ನು ತೋರಿಸಲಿಲ್ಲ. ಚಿಕಿತ್ಸೆ ಟೈಫಾಯ್ಡಿನ ದಾರಿಯಲ್ಲಿ ಸಾಗಿತು. ಔಷಧಿ ನಾಟುತ್ತಿಲ್ಲ ಎಂದು ಗಂಡನಿಗೆ ಅನ್ನಿಸಿತು. 22ರಂದು ಸಲೈನ್ ಬಾಟಲಿಯಲ್ಲಿ ಕಣಗಳು ಕಂಡವೆಂದು ಆಸ್ಪತ್ರೆಯವರ ಗಮನಕ್ಕೆ ತಂದೆ, ಫಲವಾಗಲಿಲ್ಲ ಎಂಬುದು ಅವರ ದೂರು. 23ರಂದು ಉಸಿರಾಟದ ತೊಂದರೆ ಕಾಣಿಸಿಕೊಂಡು ಆಮ್ಲಜನಕ ಕೊಟ್ಟರು. ಸ್ಥಿತಿ ಕೈಮೀರಿದಾಗ ಯಶೋದಾ ಆಸ್ಪತ್ರೆಗೆ ಸಾಗಿಸಲಾಯಿತು.

ಅಲ್ಲಿ ಮತ್ತೆ ರಕ್ತ ಪರೀಕ್ಷೆಯಾಯಿತು. ವರದಿಯಲ್ಲಿ ಬಂದ ಸಾಲುಗಳು ಮುಂದೆ ಇಡೀ ಪ್ರಕರಣದ ಬೆನ್ನೆಲುಬಾದವು. ಸ್ಮಿಯರ್‌ನಲ್ಲಿ ಮಲೇರಿಯಾ ಇತ್ತು. ಪ್ಲಾಸ್ಮೋಡಿಯಂ ಫಾಲ್ಸಿಪ್ಯಾರಮ್ ಎಂಬ, ಮಲೇರಿಯಾಗಳಲ್ಲಿ ಅತ್ಯಂತ ಅಪಾಯಕಾರಿಯಾದ ಬಗೆಯ ಉಂಗುರ ರೂಪಗಳೂ ಗ್ಯಾಮೆಟೊಸೈಟ್‌ಗಳೂ ಕಂಡವು. ವಿಡಾಲ್ ಪರೀಕ್ಷೆಯಲ್ಲಿ ಟೈಫಾಯ್ಡಿನ ಗುರುತು ಇರಲಿಲ್ಲ. ಅರ್ಧಚಂದ್ರದಂತೆ ಬಾಗಿದ ಆ ಗ್ಯಾಮೆಟೊಸೈಟ್‌ಗಳಿಗಾಗಿಯೇ ಸಿಕಂದರಾಬಾದಿನ ರೋಗಿಗಳ ರಕ್ತದಲ್ಲಿ ರಾಸ್ ತಡಕಾಡಿದ್ದ. ಫಾಲ್ಸಿಪ್ಯಾರಮ್ ಮಲೇರಿಯಾದಲ್ಲಿ ತಡವಾಗಿ ಸಿಕ್ಕ ಮದ್ದು ಕೆಲವೊಮ್ಮೆ ಸಿಗದ ಮದ್ದಿಗೆ ಸಮ. ಆ ರೋಗಿ ಉಳಿಯಲಿಲ್ಲ.

ಗೆದ್ದು, ಸೋತು, ಮತ್ತೆ ಸೋತು

ಗಂಡ ಜಿಲ್ಲಾ ಗ್ರಾಹಕರ ವೇದಿಕೆಗೆ ಹೋದರು. ಅಂಗಡಿಯಲ್ಲಿ ಕೊಂಡ ಮಿಕ್ಸಿ ಕೆಟ್ಟರೆ ಹೋಗುವ ಜಾಗಕ್ಕೆ ಸಾವಿನ ದೂರು ಹೇಗೆ ಹೋಯಿತು ಎಂಬುದಕ್ಕೂ ಒಂದು ಇತಿಹಾಸವಿದೆ. 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದಾಗ ವೈದ್ಯರು ಅದರ ಅಡಿಯಲ್ಲಿ ಬರುತ್ತಾರೆಯೇ ಎಂಬುದು ಸ್ಪಷ್ಟವಿರಲಿಲ್ಲ. ರೋಗಿ ಗ್ರಾಹಕನಲ್ಲ, ವೈದ್ಯವೃತ್ತಿ ವ್ಯಾಪಾರವಲ್ಲ ಎಂದು ಭಾರತೀಯ ವೈದ್ಯಕೀಯ ಸಂಘ ಸುಪ್ರೀಂ ಕೋರ್ಟಿನಲ್ಲಿ ವಾದಿಸಿತು. 1995ರ ನವೆಂಬರ್ 13ರಂದು, ವಿ.ಪಿ. ಶಾಂತಾ ಪ್ರಕರಣದಲ್ಲಿ, ಕೋರ್ಟ್ ಆ ವಾದ ಒಪ್ಪಲಿಲ್ಲ. ಹಣ ಪಡೆದು ಕೊಡುವ ಚಿಕಿತ್ಸೆ ಸೇವೆಯೇ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆಯಲ್ಲಿ ಉಚಿತ ರೋಗಿಯೂ ಗ್ರಾಹಕನೇ. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಮಾತ್ರ ಹೊರಗೆ ಉಳಿದವು.

ಜಿಲ್ಲಾ ವೇದಿಕೆ ದಾಖಲೆಗಳನ್ನು ನೋಡಿತು. ಆಸ್ಪತ್ರೆಯ ಪರವಾಗಿ ಸಾಕ್ಷ್ಯ ಹೇಳಿದ ವೈದ್ಯರೇ ತಾವು ಈ ರೋಗಿಗೆ ಮಲೇರಿಯಾ ಜ್ವರಕ್ಕೆ ಚಿಕಿತ್ಸೆ ಕೊಡಲಿಲ್ಲವೆಂದು ಒಪ್ಪಿಕೊಂಡಿದ್ದರು. ಇನ್ನೊಂದು ಆಸ್ಪತ್ರೆಯ ವರದಿ ಮಲೇರಿಯಾ ಎನ್ನುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟ ವೇದಿಕೆ, ಮೊದಲ ಆಸ್ಪತ್ರೆಯಲ್ಲಿ ನಿರ್ಲಕ್ಷ್ಯವಾಗಿದೆ ಎಂದು ತೀರ್ಮಾನಿಸಿತು. ಎರಡು ಲಕ್ಷ ರೂಪಾಯಿ ಪರಿಹಾರ ಕೊಡಬೇಕು, ಪಡೆದ 10,000 ರೂಪಾಯಿ ವಾಪಸು ಮಾಡಬೇಕು ಎಂದಿತು. ಯಶೋದಾ ಆಸ್ಪತ್ರೆಯ ಮೇಲಿನ ದೂರು ವಜಾ ಆಯಿತು.

ಮೇಲ್ಮನವಿಯಲ್ಲಿ ರಾಜ್ಯ ಆಯೋಗ ಈ ಆದೇಶವನ್ನು ತಳ್ಳಿಹಾಕಿತು. ಕಾರಣ: ಕೊಟ್ಟ ಚಿಕಿತ್ಸೆ ತಪ್ಪೆಂದು ಹೇಳುವ ತಜ್ಞ ವೈದ್ಯರ ಸಾಕ್ಷ್ಯವನ್ನು ದೂರುದಾರರು ತಂದಿಲ್ಲ. ರಾಷ್ಟ್ರೀಯ ಆಯೋಗವೂ 2009ರಲ್ಲಿ ಅದನ್ನೇ ಎತ್ತಿಹಿಡಿಯಿತು.

ಸಾಮಾನ್ಯ ಮನುಷ್ಯನ ಕಡೆಯಿಂದ ನೋಡಿದರೆ ಇದರ ಅರ್ಥ ಇಷ್ಟೇ. ಹೆಂಡತಿಯನ್ನೋ ಮಗುವನ್ನೋ ಕಳೆದುಕೊಂಡವರು, ಅದೇ ಊರಿನ ಇನ್ನೊಬ್ಬ ವೈದ್ಯರ ಮನೆ ಬಾಗಿಲು ತಟ್ಟಿ, ನಿಮ್ಮ ಜೊತೆಯವರ ವಿರುದ್ಧ ಸಾಕ್ಷಿ ಹೇಳಿ ಎಂದು ಬೇಡಬೇಕು. ಒಂದೇ ಕಾಲೇಜಿನಲ್ಲಿ ಓದಿದವರು, ಒಂದೇ ಸಂಘದ ಸದಸ್ಯರು, ನಾಳೆ ರೋಗಿಗಳನ್ನು ಒಬ್ಬರಿಗೊಬ್ಬರು ಕಳಿಸಿಕೊಡಬೇಕಾದವರು. ಯಾರು ಬರುತ್ತಾರೆ?

ವೈದ್ಯರ ಕಡೆಯ ನ್ಯಾಯ

ತಜ್ಞರ ಸಾಕ್ಷ್ಯ ಕೇಳುವುದು ವೈದ್ಯರನ್ನು ಬಚಾವು ಮಾಡುವ ಕುತಂತ್ರವಾಗಿ ಹುಟ್ಟಿದ್ದಲ್ಲ. ಅದರ ಹಿಂದೆ ನ್ಯಾಯವಾದ ಒಂದು ಮಾತಿದೆ: ವೈದ್ಯಶಾಸ್ತ್ರ ಅರಿಯದವರು ವೈದ್ಯರ ತಪ್ಪು ಒಪ್ಪು ತೂಗುವುದು ಹೇಗೆ?

1957ರಲ್ಲಿ ಇಂಗ್ಲೆಂಡಿನಲ್ಲಿ ಬೋಲಮ್ ಎಂಬ ಮನೋರೋಗಿಯ ಪ್ರಕರಣ ಬಂತು. ವಿದ್ಯುತ್ ಆಘಾತದ ಚಿಕಿತ್ಸೆ ಕೊಡುವಾಗ ಮೈ ಸಡಿಲಿಸುವ ಔಷಧಿ ಕೊಡದೆ ಅವನ ಮೂಳೆಗಳು ಮುರಿದಿದ್ದವು. ಆ ಔಷಧಿ ಕೊಡಬೇಕೆನ್ನುವ ವೈದ್ಯರೂ ಇದ್ದರು, ಬೇಡವೆನ್ನುವವರೂ ಇದ್ದರು. ಜವಾಬ್ದಾರಿಯುತ ವೈದ್ಯರ ಒಂದು ಗುಂಪು ಸರಿಯೆಂದು ಒಪ್ಪುವ ಕ್ರಮವನ್ನು ಅನುಸರಿಸಿದ ವೈದ್ಯ ನಿರ್ಲಕ್ಷ್ಯದ ಅಪರಾಧಿಯಲ್ಲ ಎಂಬ ಸೂತ್ರ ಅಲ್ಲಿ ಹುಟ್ಟಿತು. ಭಾರತದ ಕೋರ್ಟುಗಳೂ ಅದನ್ನು ಬಳಸಿದವು. ಅದರ ಜೊತೆಗೆ 1968ರಲ್ಲಿ, ಕಾಲು ಮುರಿದುಕೊಂಡು ಪುಣೆಯ ಆಸ್ಪತ್ರೆ ಸೇರಿದ ಯುವಕನ ಸಾವಿನ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ವೈದ್ಯರ ಮೂರು ಕರ್ತವ್ಯಗಳನ್ನು ಹೇಳಿತ್ತು. ರೋಗಿಯನ್ನು ಕೈಗೆತ್ತಿಕೊಳ್ಳಬೇಕೇ ಎಂದು ತೀರ್ಮಾನಿಸುವಾಗ, ಯಾವ ಚಿಕಿತ್ಸೆ ಎಂದು ತೀರ್ಮಾನಿಸುವಾಗ, ಆ ಚಿಕಿತ್ಸೆಯನ್ನು ಕೊಡುವಾಗ: ಮೂರರಲ್ಲೂ ಎಚ್ಚರ ಬೇಕು. ರೋಗ ವಾಸಿ ಮಾಡಿಯೇ ತೀರುತ್ತೇನೆ ಎಂಬ ಭರವಸೆಯನ್ನು ಕಾನೂನು ಯಾವ ವೈದ್ಯರಿಂದಲೂ ಕೇಳುವುದಿಲ್ಲ. ತಕ್ಕಷ್ಟು ಕೌಶಲ, ತಕ್ಕಷ್ಟು ಎಚ್ಚರ, ಅಷ್ಟೇ.

2005ರ ಆಗಸ್ಟ್ 5ರ ಜೇಕಬ್ ಮ್ಯಾಥ್ಯೂ ತೀರ್ಪು ವೈದ್ಯರಿಗೆ ಇನ್ನೊಂದು ಬೇಲಿ ಕಟ್ಟಿತು. ಲೂಧಿಯಾನದ ಆಸ್ಪತ್ರೆಯಲ್ಲಿ ಉಸಿರಾಟಕ್ಕೆ ಕಷ್ಟಪಡುತ್ತಿದ್ದ ರೋಗಿಗೆ ತಂದ ಆಮ್ಲಜನಕದ ಸಿಲಿಂಡರ್ ಖಾಲಿಯಾಗಿತ್ತು. ಮನೆಯವರು ವೈದ್ಯರ ಮೇಲೆ ಕ್ರಿಮಿನಲ್ ಕೇಸು ಹಾಕಿದರು. ಕೋರ್ಟ್ ಹೇಳಿತು: ಪರಿಹಾರ ಕೊಡಬೇಕಾದ ನಿರ್ಲಕ್ಷ್ಯವೇ ಬೇರೆ, ಜೈಲಿಗೆ ಕಳಿಸುವ ನಿರ್ಲಕ್ಷ್ಯವೇ ಬೇರೆ. ಎರಡನೆಯದಕ್ಕೆ ಅತಿಯಾದ ಬೇಜವಾಬ್ದಾರಿ ಇರಬೇಕು. ಇನ್ನೊಬ್ಬ ಸಮರ್ಥ ವೈದ್ಯರ ಅಭಿಪ್ರಾಯ ಪಡೆಯದೆ ಪೊಲೀಸರು ಮುಂದುವರಿಯಬಾರದು, ಸುಮ್ಮಸುಮ್ಮನೆ ವೈದ್ಯರನ್ನು ಬಂಧಿಸಬಾರದು. ನಡುಗುವ ಕೈಯಿಂದ ಕತ್ತರಿ ಹಿಡಿದರೆ ರೋಗಿಗೇ ನಷ್ಟ ಎಂಬುದು ಇದರ ತಿರುಳು.

ಆದರೆ 2009ರ ಮಾರ್ಟಿನ್ ಡಿಸೋಜಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ ಈ ಬೇಲಿಯನ್ನು ಗ್ರಾಹಕರ ವೇದಿಕೆಗಳಿಗೂ ವಿಸ್ತರಿಸಿತು. ವೈದ್ಯರ ಮೇಲೆ ದೂರು ಬಂದರೆ ನೋಟಿಸ್ ಕಳಿಸುವ ಮೊದಲೇ ತಜ್ಞರ ಅಭಿಪ್ರಾಯ ಪಡೆಯಬೇಕು ಎಂದಿತು. ಜೈಲಿನ ಭಯದಿಂದ ಕಾಪಾಡಲು ಕಟ್ಟಿದ ಬೇಲಿ, ಪರಿಹಾರ ಕೇಳಲು ಬಂದವರ ದಾರಿಗೂ ಅಡ್ಡವಾಯಿತು. ಕಿಶನ್ ರಾವ್ ಅವರ ಮೇಲ್ಮನವಿ ಸುಪ್ರೀಂ ಕೋರ್ಟ್ ತಲುಪಿದ್ದು ಈ ಹೊತ್ತಿನಲ್ಲಿ.

ಹಿಟ್ಟಿನ ಪೀಪಾಯಿ

ನ್ಯಾಯಮೂರ್ತಿ ಜಿ.ಎಸ್. ಸಿಂಘ್ವಿ ಮತ್ತು ನ್ಯಾಯಮೂರ್ತಿ ಅಶೋಕ್ ಕುಮಾರ್ ಗಂಗೂಲಿ ಅವರ ಪೀಠ ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳ ಆದೇಶಗಳನ್ನು ಬದಿಗಿಟ್ಟಿತು. ಡಿಸೋಜಾ ತೀರ್ಪಿನ ಆ ಸಾಮಾನ್ಯ ನಿರ್ದೇಶನ ದೊಡ್ಡ ಪೀಠಗಳು ಮೊದಲೇ ಹೇಳಿದ್ದಕ್ಕೂ ಕಾಯ್ದೆಯ ಉದ್ದೇಶಕ್ಕೂ ಹೊಂದುವುದಿಲ್ಲ, ಹಾಗಾಗಿ ಅದನ್ನು ಕಟ್ಟುಪಾಡಾಗಿ ಅನುಸರಿಸಬೇಕಿಲ್ಲ ಎಂದಿತು. ಜೇಕಬ್ ಮ್ಯಾಥ್ಯೂ ಹಾಕಿದ ಷರತ್ತು ಕ್ರಿಮಿನಲ್ ಕೇಸುಗಳಿಗೆ ಮಾತ್ರ. ಗ್ರಾಹಕರ ವೇದಿಕೆಯಲ್ಲಿ ಪ್ರತಿ ಪ್ರಕರಣದ ವಿವರ ನೋಡಿ, ವಿಷಯ ನಿಜಕ್ಕೂ ಜಟಿಲವಾಗಿದೆ ಎನ್ನಿಸಿದರೆ ಮಾತ್ರ ತಜ್ಞರನ್ನು ಕರೆಯಬೇಕು. ಎಲ್ಲದಕ್ಕೂ ತಜ್ಞರು ಬೇಕೆಂದರೆ, ಬೇಗ ಮತ್ತು ಕಡಿಮೆ ಖರ್ಚಿನಲ್ಲಿ ನ್ಯಾಯ ಕೊಡಲೆಂದೇ ಮಾಡಿದ ಕಾಯ್ದೆ ಹೆಸರಿಗೆ ಮಾತ್ರ ಉಳಿಯುತ್ತದೆ.

ಇದಕ್ಕೆ ಕೋರ್ಟ್ ಆಧಾರವಾಗಿ ಹಿಡಿದ ತತ್ವಗಳಲ್ಲಿ ಒಂದು ಹಳೆಯ ಲ್ಯಾಟಿನ್ ಸೂತ್ರ, 'ರೆಸ್ ಇಪ್ಸಾ ಲೋಕ್ವಿಟರ್'. ಸಂಗತಿ ತಾನೇ ಮಾತಾಡುತ್ತದೆ ಎಂದು ಅರ್ಥ. 1863ರ ಇಂಗ್ಲೆಂಡಿನ ಪ್ರಕರಣವೊಂದರಿಂದ ಅದು ಪ್ರಸಿದ್ಧವಾಯಿತು. ಲಿವರ್‌ಪೂಲಿನ ಬೀದಿಯಲ್ಲಿ ನಡೆದುಹೋಗುತ್ತಿದ್ದವನ ಮೇಲೆ ಅಂಗಡಿಯ ಮಹಡಿಯಿಂದ ಹಿಟ್ಟಿನ ಪೀಪಾಯಿ ಬಿತ್ತು. ಅದು ಹೇಗೆ ಜಾರಿತೆಂದು ಪೆಟ್ಟು ತಿಂದವನು ಸಾಬೀತು ಮಾಡಬೇಕೆ? ಬೇಡ ಎಂದಿತು ಕೋರ್ಟ್. ಯಾರದೋ ಅಜಾಗರೂಕತೆ ಇಲ್ಲದೆ ಪೀಪಾಯಿಗಳು ಮಹಡಿಯಿಂದ ಬೀಳುವುದಿಲ್ಲ. ಹೇಗೆ ಬಿತ್ತು ಎಂದು ವಿವರಿಸುವ ಹೊಣೆ ಅಂಗಡಿಯವನದು. ಕನ್ನಡದ ಗಾದೆ ಇದನ್ನೇ ಇನ್ನೂ ಚುರುಕಾಗಿ ಹೇಳುತ್ತದೆ: ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಹೊಟ್ಟೆಯೊಳಗೆ ಬಟ್ಟೆ ಉಳಿಸಿ ಹೊಲಿಯುವುದು, ಬಲಗಾಲಿನ ಬದಲು ಎಡಗಾಲಿಗೆ ಕೈ ಹಾಕುವುದು, ಒಗ್ಗದ ಔಷಧಿ ಎಂದು ಚೀಟಿಯಲ್ಲೇ ಬರೆದಿದ್ದರೂ ಅದನ್ನು ನೋಡದೆ ಸೂಜಿ ಚುಚ್ಚುವುದು. ಇಂಥವು ಅಂಗೈಯ ಹುಣ್ಣುಗಳು. ಹಳೆಯ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲೇ ಇಂಥದೊಂದು ನಡೆದಿತ್ತು. 1963ರಲ್ಲಿ ಬಾಣಂತಿಯೊಬ್ಬರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ಹೊಟ್ಟೆಯಲ್ಲಿ ಟವೆಲ್ ಬಿಟ್ಟಿದ್ದರು. ಆಕೆ ಸತ್ತರು. ಸರ್ಕಾರವೇ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿದಾಗ 1996. ಮೂವತ್ತಮೂರು ವರ್ಷ. ಗ್ರಾಹಕರ ವೇದಿಕೆಗಳನ್ನು ಯಾಕೆ ಕಟ್ಟಲಾಯಿತು ಎಂಬುದಕ್ಕೆ ಈ ಒಂದು ಸಂಖ್ಯೆ ಸಾಕು. ಪೂರ್ತಿ ಉಚಿತ ಸರ್ಕಾರಿ ಆಸ್ಪತ್ರೆಯ ರೋಗಿಗೆ ಆ ವೇದಿಕೆ ಇಂದಿಗೂ ತೆರೆದಿಲ್ಲ ಎಂಬುದನ್ನೂ ಇದರ ಪಕ್ಕದಲ್ಲೇ ಇಟ್ಟು ನೋಡಬೇಕು. ಅವರ ಪಾಲಿಗೆ ಉಳಿದಿರುವುದು ಸಿವಿಲ್ ಕೋರ್ಟಿನ ಅದೇ ಉದ್ದದ ದಾರಿ.

ಹೈದರಾಬಾದಿನ ಪ್ರಕರಣದಲ್ಲಿ ಎರಡು ಆಸ್ಪತ್ರೆಗಳ ಕಾಗದಗಳೇ ಮಾತಾಡಿದ್ದವು. ಜಿಲ್ಲಾ ವೇದಿಕೆಯ ಆದೇಶವನ್ನು ಕೋರ್ಟ್ ಮತ್ತೆ ಎತ್ತಿ ನಿಲ್ಲಿಸಿತು. ಹತ್ತು ವಾರದೊಳಗೆ ಹಣ ಕೊಡಬೇಕು, ಖರ್ಚಿಗೆಂದು 10,000 ರೂಪಾಯಿ ಸೇರಿಸಿ ಕೊಡಬೇಕು ಎಂದಿತು. ಜ್ವರ ಬಂದ ದಿನದಿಂದ ಆ ದಿನಕ್ಕೆ ಏಳು ವರ್ಷ ಏಳು ತಿಂಗಳು ದಾಟಿತ್ತು.

ಕೋಪದ ಕೈ

ತೀರ್ಪು ಹೇಳದೇ ಇರುವುದೂ ಮುಖ್ಯ. ರೋಗಿ ಸತ್ತರೆಂದ ಮಾತ್ರಕ್ಕೆ ನಿರ್ಲಕ್ಷ್ಯವಾಗಿದೆ ಎಂದು ಅದು ಹೇಳಲಿಲ್ಲ. ರೋಗನಿರ್ಣಯ ತಪ್ಪಿದ ವೈದ್ಯರೆಲ್ಲ ಹೊಣೆಗಾರರು ಎಂದೂ ಹೇಳಲಿಲ್ಲ. ಮಾನ್ಸೂನಿನಲ್ಲಿ ಒಂದೇ ದಿನ ನೂರು ಜ್ವರದ ರೋಗಿಗಳನ್ನು ನೋಡುವವರಿಗೆ ಮೊದಲ ಅಂದಾಜು ತಪ್ಪಬಹುದು. ಔಷಧಿ ನಾಟದಿದ್ದಾಗ ಮತ್ತೆ ಯೋಚಿಸಿದರೇ, ಮತ್ತೊಂದು ಪರೀಕ್ಷೆ ಮಾಡಿಸಿದರೇ ಎಂಬುದು ಕಾನೂನು ಕೇಳುವ ಪ್ರಶ್ನೆ.

ಈ ವ್ಯತ್ಯಾಸ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತವರಿಗೆ ತಿಳಿಯುವುದು ಕಷ್ಟ. ಮಲ್ಕಾಜ್‌ಗಿರಿಯಿಂದ ದೂರವೇನೂ ಇಲ್ಲದ ಸಿಕಂದರಾಬಾದಿನ ಗಾಂಧಿ ಆಸ್ಪತ್ರೆಯಲ್ಲಿ, ಕೊರೋನಾದ ಮೊದಲ ತಿಂಗಳುಗಳಲ್ಲಿ, ಇದು ಎರಡು ಬಾರಿ ಸ್ಫೋಟಿಸಿತು. 2020ರ ಏಪ್ರಿಲ್‌ನಲ್ಲಿ ಒಮ್ಮೆ, ಜೂನ್‌ನಲ್ಲಿ ಮತ್ತೊಮ್ಮೆ, ರೋಗಿ ಸತ್ತ ಸುದ್ದಿ ಕೇಳಿದ ಸಂಬಂಧಿಕರು ಕರ್ತವ್ಯದಲ್ಲಿದ್ದ ವೈದ್ಯರ ಮೇಲೆ ಕೈಮಾಡಿದರು. ಜೂನ್‌ನಲ್ಲಿ ಕಿರಿಯ ವೈದ್ಯರು ಬೀದಿಗಿಳಿದು ಧರಣಿ ಕೂತರು. ಆಸ್ಪತ್ರೆಯ ಸಿಬ್ಬಂದಿಯನ್ನು ಕಾಪಾಡುವ ಕಾನೂನು ಆಂಧ್ರಪ್ರದೇಶದಲ್ಲಿ 2008ರಿಂದ, ಕರ್ನಾಟಕದಲ್ಲಿ 2009ರಿಂದ ಇತ್ತು. 2020ರ ಏಪ್ರಿಲ್ 22ರಂದು ಕೇಂದ್ರವೂ ಸುಗ್ರೀವಾಜ್ಞೆ ತಂದು, ಸಾಂಕ್ರಾಮಿಕದ ಕಾಲದಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ತೀವ್ರ ಹಲ್ಲೆ ಮಾಡಿದವರಿಗೆ 7 ವರ್ಷದವರೆಗೆ ಶಿಕ್ಷೆ ಎಂದಿತು.

ಹಲ್ಲೆಗೆ ಶಿಕ್ಷೆ ಇರಲೇಬೇಕು. ಅದರ ಜೊತೆಗೆ ದೂರು ಹೇಳಲು ತೆರೆದ ಬಾಗಿಲೂ ಇರಬೇಕು. ಏನಾಯಿತೆಂದು ಯಾರೂ ಹೇಳದಿದ್ದರೆ, ಕೇಳಿದರೆ ಕಾಗದ ಕೊಡದಿದ್ದರೆ, ಕಾಗದ ಸಿಕ್ಕರೂ ತಜ್ಞರನ್ನು ತಂದೇ ಬಾ ಎಂದರೆ, ದುಃಖ ಕೋಪವಾಗಲು ಹೊತ್ತು ಬೇಡ. ಆ ಕೋಪಕ್ಕೆ ಮೊದಲು ಸಿಗುವವರು ರಾತ್ರಿ ಪಾಳಿಯ ನರ್ಸ್, ಕಿರಿಯ ವೈದ್ಯ, ವಾರ್ಡ್ ಬಾಯ್. ಜೇಕಬ್ ಮ್ಯಾಥ್ಯೂ ಮತ್ತು ಕಿಶನ್ ರಾವ್ ತೀರ್ಪುಗಳನ್ನು ಒಟ್ಟಿಗೆ ಓದಬೇಕಾದದ್ದು ಈ ಕಾರಣಕ್ಕೆ. ಒಂದು ವೈದ್ಯರ ಬೆನ್ನಿಗೆ ನಿಲ್ಲುತ್ತದೆ, ಇನ್ನೊಂದು ರೋಗಿಯ ಪ್ರಶ್ನೆಗೆ ಜಾಗ ಕೊಡುತ್ತದೆ. ಎರಡರಲ್ಲಿ ಒಂದೇ ಉಳಿದರೆ ಎರಡೂ ಕಡೆಯವರು ಕಳೆದುಕೊಳ್ಳುತ್ತಾರೆ.

ಕರ್ನಾಟಕ ಈ ತಕ್ಕಡಿಯ ತೂಗಾಟವನ್ನು 2017ರ ನವೆಂಬರ್‌ನಲ್ಲಿ ಕಂಡಿತು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿಯಲ್ಲಿ ಜೈಲು ಶಿಕ್ಷೆಯ ಮಾತು ಬಂದಾಗ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಹೊರರೋಗಿ ವಿಭಾಗಗಳು ಮುಚ್ಚಿದವು. ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿದ್ದಾಗ ರಾಜಿಯಾಯಿತು. ಜೈಲಿನ ಕಲಮು ಹೋಯಿತು, ರೋಗಿಗಳ ಹಕ್ಕುಗಳ ಸನ್ನದು ಉಳಿಯಿತು. ತುರ್ತು ಸ್ಥಿತಿಯಲ್ಲಿ ಮುಂಗಡ ಹಣಕ್ಕೆ ಪಟ್ಟು ಹಿಡಿಯಬಾರದು, ಬಿಲ್ ಬಾಕಿ ಇದೆಯೆಂದು ಶವ ಹಿಡಿದಿಟ್ಟುಕೊಳ್ಳಬಾರದು ಎಂಬ ಮಾತುಗಳು ಕಾನೂನಿನೊಳಗೆ ಬಂದವು.

ಸಹಿ ಯಾರದು?

ಹುಸೇನ್ ಖಾನ್‌ನ ಆಣೆಯ ಪ್ರಶ್ನೆಯೂ ಕೋರ್ಟಿಗೆ ಬಂತು, ಬೇರೆ ರೂಪದಲ್ಲಿ. 2008ರ ಜನವರಿ 16ರ ಸಮೀರಾ ಕೊಹ್ಲಿ ತೀರ್ಪಿನ ಹಿಂದಿದ್ದದ್ದು ದೆಹಲಿಯ ಮಹಿಳೆಯೊಬ್ಬರ ದೂರು. ಅರಿವಳಿಕೆ ಕೊಟ್ಟಿದ್ದು ಪರೀಕ್ಷೆಗಾಗಿ. ಆದರೆ ಅವರು ಎಚ್ಚರವಿಲ್ಲದೆ ಮಲಗಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು, ವೈದ್ಯರು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದಿದ್ದರು. ಪ್ರೌಢ ವಯಸ್ಸಿನ ರೋಗಿಯ ಒಪ್ಪಿಗೆ ರೋಗಿಯದೇ ಆಗಿರಬೇಕು, ತಾಯಿಯದಲ್ಲ ಎಂದಿತು ಕೋರ್ಟ್. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ. ಏನು ಮಾಡುತ್ತೇವೆ, ಏಕೆ, ಬೇರೆ ದಾರಿ ಇದೆಯೇ, ಅಪಾಯವೇನು, ಮಾಡಿಸದಿದ್ದರೆ ಏನಾದೀತು: ಇಷ್ಟನ್ನು ಹೇಳಿದ ಮೇಲಿನ ಒಪ್ಪಿಗೆಯೇ ಒಪ್ಪಿಗೆ. ಜೀವ ಉಳಿಸಲು ತಕ್ಷಣ ಮಾಡಲೇಬೇಕಾದ ಕೆಲಸಕ್ಕೆ ಮಾತ್ರ ವಿನಾಯಿತಿ.

ಆ ತೀರ್ಪು ಬಂದ ಮರುವರ್ಷವೇ, ಆಗ ಆಂಧ್ರಪ್ರದೇಶದಲ್ಲಿದ್ದ ಖಮ್ಮಂ ಜಿಲ್ಲೆಯಲ್ಲಿ, ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆಯಿತು. 10ರಿಂದ 14 ವಯಸ್ಸಿನ ಹುಡುಗಿಯರು, ಹಲವರು ವಸತಿನಿಲಯಗಳಲ್ಲಿದ್ದ ಆದಿವಾಸಿ ಮಕ್ಕಳು. 2010ರ ಏಪ್ರಿಲ್‌ನಲ್ಲಿ ಅಧ್ಯಯನ ನಿಂತಿತು. ಸಂಸದೀಯ ಸಮಿತಿಯ 2013ರ ವರದಿಯ ಪ್ರಕಾರ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಪೋಷಕರ ಜಾಗದಲ್ಲಿ ಸಹಿ ಹಾಕಿದ್ದವರು ಹಾಸ್ಟೆಲ್ ವಾರ್ಡನ್‌ಗಳು. ಲಸಿಕೆ ಒಳ್ಳೆಯದೇ. ಅನೇಕ ದೇಶಗಳು ಅದನ್ನು ಹೆಣ್ಣುಮಕ್ಕಳಿಗೆ ಕೊಡುತ್ತಿವೆ. ತಪ್ಪಿದ್ದದ್ದು ಕೇಳುವ ಕ್ರಮದಲ್ಲಿ. ಬಡವರ ಮಕ್ಕಳ ಪರವಾಗಿ ಯಾರಾದರೂ ಸಹಿ ಹಾಕಬಹುದು ಎಂಬ ಅಭ್ಯಾಸ ಬೇಗಂಪೇಟೆಯ ಕಾಲದಿಂದ ಪೂರ್ತಿ ಬಿಟ್ಟುಹೋಗಿರಲಿಲ್ಲ.

72 ಗಂಟೆ

ಕಿಶನ್ ರಾವ್ ಪ್ರಕರಣದಲ್ಲಿ ತಜ್ಞರು ಬೇಕಾಗಲಿಲ್ಲ, ನಿಜ. ಕಾಗದ ಬೇಕಾಯಿತು. ಆ ಕಾಗದ ಕೇಳುವ ಹಕ್ಕು ಆಗಷ್ಟೇ ನಿಯಮವಾಗಿತ್ತು. ವೈದ್ಯರ ನಡವಳಿಕೆ ಮತ್ತು ನೀತಿಗಳ ಕುರಿತು ಭಾರತೀಯ ವೈದ್ಯಕೀಯ ಪರಿಷತ್ತು ಮಾಡಿದ ನಿಯಮಗಳು ಗೆಜೆಟ್‌ನಲ್ಲಿ ಪ್ರಕಟವಾದದ್ದು 2002ರ ಏಪ್ರಿಲ್ 6ರಂದು, ಆ ಮಹಿಳೆ ಆಸ್ಪತ್ರೆ ಸೇರುವ ಮೂರು ತಿಂಗಳ ಹಿಂದೆ. ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು, ರೋಗಿಯೋ ಅವರ ಪರವಾಗಿ ಅಧಿಕಾರ ಪಡೆದವರೋ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ಅವು ಹೇಳುತ್ತವೆ. ಹೊಸ ನಿಯಮಗಳು 2023ರ ಆಗಸ್ಟ್ 2ರಂದು ಬಂದವಾದರೂ ಅದೇ ತಿಂಗಳು ಅವನ್ನು ತಡೆಹಿಡಿಯಲಾಯಿತು. ಹಾಗಾಗಿ 2002ರ ನಿಯಮಗಳೇ ಮುಂದುವರಿದವು.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನವರಿಗೆ ಇದು ದೂರದ ಊರಿನ ಸುದ್ದಿಯಲ್ಲ. 1956ರವರೆಗೆ ಹೈದರಾಬಾದ್ ಅವರ ರಾಜಧಾನಿ. ದೊಡ್ಡ ಕಾಯಿಲೆ ಬಂದರೆ ಇಂದಿಗೂ ಅಲ್ಲಿನ ಅನೇಕರು ರೈಲು ಹತ್ತುವುದು ಆ ಕಡೆಗೇ. ಅವರ ಪಾಲಿಗೆ ಕಾನೂನಿನಲ್ಲಿ ಬಂದ ಒಂದು ಸಣ್ಣ ಬದಲಾವಣೆ ದೊಡ್ಡದು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಆಸ್ಪತ್ರೆ ಎಲ್ಲೇ ಇರಲಿ, ದೂರುದಾರರು ತಾವು ವಾಸವಿರುವ ಜಿಲ್ಲೆಯ ಆಯೋಗಕ್ಕೆ ದೂರು ಕೊಡಬಹುದು. ಮಲ್ಕಾಜ್‌ಗಿರಿಯಲ್ಲಿ ನೆಲೆಸಿದ ಕುಟುಂಬ ನಗರದ ಇನ್ನೊಂದು ತುದಿಯ ಆಸ್ಪತ್ರೆಯ ಬಗ್ಗೆ ತನ್ನ ಜಿಲ್ಲೆಯಲ್ಲೇ ಕೇಳಬಹುದು. ಹೈದರಾಬಾದಿಗೆ ಹೋಗಿ ಬಂದ ಬೀದರಿನ ರೈತ ಬೀದರಿನಲ್ಲೇ ಕೇಳಬಹುದು. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೇಳಬೇಕು. ಆ ಕಾಯ್ದೆಯ ಪಠ್ಯದಲ್ಲಿ ಆರೋಗ್ಯ ಸೇವೆ ಎಂಬ ಪದವೇ ಇಲ್ಲ, ಆದ್ದರಿಂದ ವೈದ್ಯರು ಹೊರಗೆ ಎಂಬ ವಾದವೂ ಎದ್ದಿತ್ತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ.

ಮಲೇರಿಯಾ ಇಲಾಖೆಯ ಅಧಿಕಾರಿಗೆ ಉಂಗುರ ರೂಪವೆಂದರೇನು, ಫಾಲ್ಸಿಪ್ಯಾರಮ್ ಎಂದರೇನು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಅಷ್ಟು ತಿಳಿದವರ ಮಾತು ಕೂಡ ಎರಡು ಆಯೋಗಗಳಲ್ಲಿ ಸಾಲದಾಯಿತು. ಏನೂ ತಿಳಿಯದವರ ಕೈಯಲ್ಲಿ ಇರಬಹುದಾದದ್ದು ಕೇಸ್ ಶೀಟು, ಲ್ಯಾಬಿನ ವರದಿ, ಕೊಟ್ಟ ಔಷಧಿಗಳ ಪಟ್ಟಿ, ಡಿಸ್ಚಾರ್ಜ್ ಸಮ್ಮರಿ. ಎಚ್ಚರದಿಂದ ಕೆಲಸ ಮಾಡಿದ ವೈದ್ಯರನ್ನೂ ನರ್ಸನ್ನೂ ಕೋರ್ಟಿನಲ್ಲಿ ಕಾಪಾಡುವುದೂ ಇವೇ ಕಾಗದಗಳು: ಯಾವ ಹೊತ್ತಿಗೆ ಏನು ನೋಡಿದರು, ಏನು ಅನುಮಾನಿಸಿದರು, ಏನು ಕೊಟ್ಟರು ಎಂದು ಅವತ್ತೇ ಬರೆದಿಟ್ಟ ಸಾಲುಗಳು. ಬರೆಯುವುದು ಒಬ್ಬರ ಕರ್ತವ್ಯ, ಕೇಳಿ ಪಡೆಯುವುದು ಇನ್ನೊಬ್ಬರ ಹಕ್ಕು. ಅದಕ್ಕೆ ಲಿಖಿತ ಅರ್ಜಿ ಕೊಟ್ಟು, ಕೊಟ್ಟ ದಿನಾಂಕಕ್ಕೆ ಸಹಿ ಪಡೆದುಕೊಂಡರೆ, 72 ಗಂಟೆಗಳ ಎಣಿಕೆ ಅಲ್ಲಿಂದ ಶುರುವಾಗುತ್ತದೆ.